ಗೃಹಸ್ವಾಮಿಗಳ ಸಂಘಗಳಿಗೆ ಸಲಹೆ: ಪದವೀಧರರಿಗೆ ಒಂದು ಸ್ವತಂತ್ರ ವೃತ್ತಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟುವ ಕಷ್ಟವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅರುವತ್ತು ಸಂಸಾರಗಳು ಒಂದೇ ಅಸ್ತಿಭಾರದ ಮೇಲೆ, ಒಂದೇ ತಾರಸಿಯ ಕೆಳಗೆ, ಒಂದೇ ನೀರಿನ ತೊಟ್ಟಿಯನ್ನು ನಂಬಿ ಬಾಳುವ ಕಾಲವನ್ನು ಅವರು ಕಂಡಿರಲಿಲ್ಲ. ಕಂಡಿದ್ದರೆ, "ಕಟ್ಟಿದ ಮನೆಯನ್ನು ಹತ್ತು ಜನ ಕೂಡಿ ಕಾಪಾಡಿ ನೋಡು" ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ!

ಕಳೆದ ಬೇಸಗೆಯ ರಜೆಯಲ್ಲಿ ನಾನು ಬೆಂಗಳೂರಿನಲ್ಲಿರುವ ನನ್ನ ಸೋದರಮಾವನವರ ಮನೆಗೆ ಹೋಗಿದ್ದೆ. ಅವರಿರುವುದು ಹತ್ತೊಂಬತ್ತು ವರ್ಷಗಳ ಹಿಂದೆ ಕಟ್ಟಿದ ಒಂದು ಅಪಾರ್ಟ್‌ಮೆಂಟಿನಲ್ಲಿ. ಭಾನುವಾರ ಬೆಳಿಗ್ಗೆ ಸಂಘದ ಸರ್ವಸದಸ್ಯರ ಸಭೆ ಕೂಡಿತು. ಲಿಫ್ಟುಗಳು ಹಳೆಯವಾಗಿವೆ, ಇನ್ನು ರಿಪೇರಿ ಸಾಧ್ಯವಿಲ್ಲ, ಹೊಸವನ್ನೇ ಹಾಕಿಸಬೇಕು, ಅದಕ್ಕಾಗಿ ಪ್ರತಿಯೊಂದು ಮನೆಯವರೂ ಎಪ್ಪತ್ತು ಸಾವಿರ ರೂಪಾಯಿ ಕೊಡಬೇಕು ಎಂದು ಕಾರ್ಯದರ್ಶಿಗಳು ತಿಳಿಸಿದರು. ಸಭೆಯಲ್ಲಿ ಗದ್ದಲವೆದ್ದಿತು. ಆಗ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಎದ್ದು ನಿಂತು, "ಹತ್ತೊಂಬತ್ತು ವರ್ಷ ಒಂದು ತಿಂಗಳೂ ತಪ್ಪದೆ ಮೇಂಟೆನೆನ್ಸು ಕಟ್ಟಿದ್ದೇನೆ. ಈ ಲಿಫ್ಟು ಒಂದು ದಿನ ಹಳೆಯದಾಗುತ್ತದೆ ಎಂದು ಇಷ್ಟು ವರ್ಷದಲ್ಲಿ ನಿಮಗೆ ಯಾರಿಗೂ ಹೊಳೆಯಲಿಲ್ಲವೆ? ನನ್ನ ಪಿಂಚಣಿಯಲ್ಲಿ ಎಪ್ಪತ್ತು ಸಾವಿರ ಎಲ್ಲಿಂದ ತರಲಿ?" ಎಂದು ಕೇಳಿದರು.

ಯಾರೂ ಉತ್ತರ ಕೊಡಲಿಲ್ಲ. ಖಜಾಂಚಿಗಳಾಗಿದ್ದ ನನ್ನ ಮಾವನವರು ತಲೆ ತಗ್ಗಿಸಿ ಕುಳಿತಿದ್ದರು. ಅವರ ಲೆಕ್ಕದಲ್ಲಿ ಒಂದು ಕಾಸಿನ ತಪ್ಪೂ ಇರಲಿಲ್ಲ. ಬಂದ ಹಣಕ್ಕೆ ರಸೀತಿಯಿತ್ತು, ಹೋದ ಹಣಕ್ಕೆ ಓಚರು ಇತ್ತು. ಮುಂದೆ ಬರಲಿದ್ದ ಖರ್ಚಿನ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆ ಲೆಕ್ಕವನ್ನು ಬರೆದು ಕೊಡುವುದನ್ನೇ ಒಬ್ಬನು ವೃತ್ತಿಯನ್ನಾಗಿ ಮಾಡಿಕೊಳ್ಳಬಹುದೆಂಬುದನ್ನು ಸಹಪಾಠಿಗಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಸಂಘದ ಸ್ವರೂಪ

ಗೃಹಸ್ವಾಮಿಗಳ ಸಂಘವೆಂದರೆ ಒಂದು ಪುಟ್ಟ ಪುರಸಭೆಯೇ ಸರಿ. ಅದಕ್ಕೆ ಬೈಲಾ ಎಂಬ ಸಂವಿಧಾನವುಂಟು, ಚುನಾವಣೆಯುಂಟು, ತೆರಿಗೆಯಂತೆ ತಿಂಗಳ ವಂತಿಗೆಯುಂಟು. ನೀರು, ದೀಪ, ಕಸ, ಕಾವಲುಗಳ ಹೊಣೆಯೂ ಉಂಟು. ಆದರೆ ಪುರಸಭೆಗಿರುವಂತೆ ಸಂಬಳ ಪಡೆಯುವ ಅಧಿಕಾರಿಗಳಾಗಲಿ ಇಂಜಿನಿಯರಾಗಲಿ ಅದಕ್ಕಿಲ್ಲ. ಹಗಲೆಲ್ಲ ಬೇರೆ ಕಡೆ ದುಡಿದು ಬಂದ ಐದಾರು ಜನ, ಸಂಜೆಯ ಬಿಡುವಿನಲ್ಲಿ, ಬಿಟ್ಟಿಯಾಗಿ ಈ ಆಡಳಿತವನ್ನು ನಡೆಸಬೇಕು. ಅವರಿಗೆ ದೊರೆಯುವ ಪ್ರತಿಫಲವೆಂದರೆ ಅನೇಕ ವೇಳೆ ಬೈಗುಳವೇ. ಒಂದೆರಡು ವರ್ಷಗಳಲ್ಲಿ ಅವರು ಬೇಸತ್ತು ಬಿಡುತ್ತಾರೆ; ಅವರೊಡನೆ ಅವರ ಅನುಭವವೂ ಹೋಗುತ್ತದೆ. ಹೊಸಬರು ಮತ್ತೆ ಓನಾಮದಿಂದ ಕಲಿಯಬೇಕು. ಸಲಹೆಗಾರನು ಬೇಕಾಗುವುದು ಇಲ್ಲಿಯೇ.

ಅಮೆರಿಕದ ಅನುಭವ

ಈ ಬಗೆಯ ಸಂಘಗಳು ಹೆಚ್ಚಾಗಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಬಾಸ್ಟನ್ ನಗರದ ಲೂಯಿಸ್‌ಬರ್ಗ್ ಚೌಕದ ನಿವಾಸಿಗಳು ತಮ್ಮ ಮನೆಗಳ ನಡುವಿನ ತೋಟವನ್ನು ಕೂಡಿ ನೋಡಿಕೊಳ್ಳಲು ೧೮೪೪ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಇವುಗಳ ಆದಿಯೆಂದು ಹೇಳುವುದುಂಟು. ನ್ಯೂ ಜೆರ್ಸಿಯ ರ‍್ಯಾಡ್‌ಬರ್ನ್ ಬಡಾವಣೆ ೧೯೨೯ರಲ್ಲಿ ತಲೆಯೆತ್ತಿದಾಗ, ಅದರ ಉದ್ಯಾನಗಳ ಪಾಲನೆಗೆ ಒಂದು ಸಂಘವೇ ಏರ್ಪಟ್ಟಿತು. ಒಂದೊಂದು ಅಂತಸ್ತಿನ ಮನೆಗೂ ಪ್ರತ್ಯೇಕ ಒಡೆತನ ಕೊಡುವ ಕಾನೂನುಗಳು ಅಲ್ಲಿ ೧೯೬೦ರ ದಶಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದುವು. ಈಗ ಆ ದೇಶದಲ್ಲಿ ಮೂರೂವರೆ ಲಕ್ಷಕ್ಕೂ ಮಿಕ್ಕ ಸಂಘಗಳಿವೆ; ಅವುಗಳ ಆಡಳಿತದಲ್ಲಿ ಏಳು ಕೋಟಿಗೂ ಹೆಚ್ಚು ಜನ ವಾಸಿಸುತ್ತಾರೆ. ಇಷ್ಟು ದೊಡ್ಡ ವ್ಯವಸ್ಥೆಯನ್ನು ನೆಚ್ಚಿ ಅನೇಕ ವೃತ್ತಿಗಳು ಹುಟ್ಟಿಕೊಂಡಿವೆ. ಕಟ್ಟಡದ ಪ್ರತಿಯೊಂದು ಭಾಗದ ಆಯುಷ್ಯವನ್ನು ಅಂದಾಜು ಮಾಡಿ, ಮುಂದಿನ ಖರ್ಚಿಗೆ ಈಗಿನಿಂದ ಎಷ್ಟು ಕೂಡಿಡಬೇಕೆಂದು ಹೇಳುವ ಕಾದಿಟ್ಟ ನಿಧಿಯ ತಜ್ಞರು ಅವರಲ್ಲಿ ಮುಖ್ಯರು. ಕ್ಯಾಲಿಫೋರ್ನಿಯದಲ್ಲಿ ಸಂಘಗಳು ಮೂರು ವರ್ಷಕ್ಕೊಮ್ಮೆಯಾದರೂ ಕಟ್ಟಡವನ್ನು ಕಣ್ಣಾರೆ ಪರೀಕ್ಷಿಸಿ ಇಂಥ ಲೆಕ್ಕವನ್ನು ಮಾಡಿಸಲೇಬೇಕೆಂದು ಕಾನೂನಿದೆ.

ಈ ಲೆಕ್ಕವನ್ನು ಮುಂದೂಡಿದರೆ ಏನಾಗಬಹುದೆಂಬುದನ್ನು ಫ್ಲಾರಿಡ ರಾಜ್ಯದ ಸರ್ಫ್‌ಸೈಡ್ ಊರಿನ ದುರಂತವು ಜಗತ್ತಿಗೆ ತೋರಿಸಿತು. ಅಲ್ಲಿ ಸಮುದ್ರದ ದಡದಲ್ಲಿ ೧೯೮೧ರಲ್ಲಿ ಕಟ್ಟಿದ ಷಾಂಪ್ಲೇನ್ ಟವರ್ಸ್ ಸೌತ್ ಎಂಬ ೧೩೬ ಮನೆಗಳ ಕಟ್ಟಡವಿತ್ತು. ಈಜುಕೊಳದ ಜಗಲಿಯ ಕೆಳಗೆ ನೀರು ಇಂಗಿ ಕಾಂಕ್ರೀಟು ಕೆಡುತ್ತಿದೆಯೆಂದು ೨೦೧೮ರಲ್ಲಿ ಒಬ್ಬ ಇಂಜಿನಿಯರು ವರದಿ ಕೊಟ್ಟಿದ್ದನು. ದುರಸ್ತಿಗೆ ಬೇಕಾದ ಹಣ ಸಂಘದ ಬಳಿ ಇರಲಿಲ್ಲ. ಯಾರು ಎಷ್ಟು ಕೊಡಬೇಕೆಂಬ ವಾದವಿವಾದದಲ್ಲಿ ಕಾಲ ಕಳೆಯಿತು. ಕೊನೆಗೆ ೨೦೨೧ರ ಏಪ್ರಿಲ್ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಡಾಲರುಗಳ ವಿಶೇಷ ವಂತಿಗೆಯನ್ನು ಸದಸ್ಯರ ಮೇಲೆ ಹಾಕಲಾಯಿತು. ಕೆಲಸ ಪೂರ್ತಿಯಾಗುವ ಮುನ್ನವೇ, ಜೂನ್ ೨೪ರ ನಡುರಾತ್ರಿ ಕಳೆದ ಮೇಲೆ, ಕಟ್ಟಡದ ಒಂದು ಭಾಗ ಕುಸಿದು ಬಿದ್ದು ೯೮ ಜನ ಸತ್ತರು. ಮೂಲ ವಿನ್ಯಾಸದಲ್ಲಿಯೂ ದೌರ್ಬಲ್ಯವಿತ್ತೆಂದು ತನಿಖೆಯಲ್ಲಿ ಕಂಡುಬಂದಿರುವುದರಿಂದ, ದೋಷವನ್ನೆಲ್ಲ ಸಂಘದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ, ಅಪಾಯದ ಸೂಚನೆ ಬಂದ ಮೇಲೆ ಮೂರು ವರ್ಷ ಹಣದ ಮಾತಿನಲ್ಲಿ ಕಳೆಯಿತೆಂಬುದು ನಿಜ. ಅದುವರೆಗೆ ಫ್ಲಾರಿಡದಲ್ಲಿ ಸದಸ್ಯರು ಬಹುಮತದಿಂದ "ಈ ವರ್ಷ ಕಾದಿಟ್ಟ ನಿಧಿಗೆ ಹಣ ಬೇಡ" ಎಂದು ನಿರ್ಣಯ ಮಾಡಬಹುದಾಗಿತ್ತು. ೨೦೨೨ರಲ್ಲಿ ಮಾಡಿದ ಶಾಸನವು ಮೂರು ಅಥವಾ ಹೆಚ್ಚು ಅಂತಸ್ತಿನ ಕಟ್ಟಡಗಳ ಮುಖ್ಯ ಭಾಗಗಳ ವಿಷಯದಲ್ಲಿ ಆ ಸ್ವಾತಂತ್ರ್ಯವನ್ನು ತೆಗೆದುಹಾಕಿತು.

ನಮ್ಮ ನಾಡಿನ ಕಾನೂನುಗಳು

ದೂರದ ಅಮೆರಿಕದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ಸಂಬಂಧವಿದೆ. ನಮ್ಮ ರಾಜ್ಯದ ೧೯೭೨ರ ಅಪಾರ್ಟ್‌ಮೆಂಟು ಒಡೆತನದ ಶಾಸನವನ್ನು ಓದಿದರೆ, ಘೋಷಣಾ ಪತ್ರ, ಬೈಲಾ, ಸಾಮಾನ್ಯ ಪ್ರದೇಶ, ಅವಿಭಾಜ್ಯ ಪಾಲು ಎಂಬ ಅದರ ಅಂಗಗಳು ಅಮೆರಿಕದ ರಾಜ್ಯಗಳ ಕಾನೂನಿನ ಅಂಗಗಳನ್ನೇ ಹೋಲುತ್ತವೆ. ಮನೆಯ ಒಳಭಾಗ ನನ್ನದು. ಮೆಟ್ಟಿಲು, ತಾರಸಿ, ಕಂಬ, ನೆಲ ಎಲ್ಲರದು. ಆ ಎಲ್ಲರದರಲ್ಲಿ ನನ್ನ ಪಾಲನ್ನು ಯಾರೂ ಬೇರ್ಪಡಿಸಲಾರರು ಎಂಬುದು ಅದರ ತಿರುಳು. "ನಾನು ನೆಲಮಹಡಿಯವನು, ಲಿಫ್ಟನ್ನು ಹತ್ತುವುದೇ ಇಲ್ಲ, ನಾನೇಕೆ ಕೊಡಲಿ?" ಎಂಬ ವಾದ ಪ್ರತಿ ಸಭೆಯಲ್ಲಿಯೂ ಕೇಳಬರುತ್ತದೆ. ಸಾಮಾನ್ಯ ಸೌಕರ್ಯವನ್ನು ಉಪಯೋಗಿಸುವುದಿಲ್ಲವೆಂದು ಹೇಳಿ ಯಾರೂ ವಂತಿಗೆಯಿಂದ ತಪ್ಪಿಸಿಕೊಳ್ಳುವಂತಿಲ್ಲವೆಂದು ಆ ಶಾಸನದಲ್ಲಿಯೇ ಬರೆದಿದೆ. ಈ ಒಂದು ವಾಕ್ಯವನ್ನು ತಿಳಿಗನ್ನಡದಲ್ಲಿ ಓದಿ ಹೇಳಬಲ್ಲವನಿದ್ದರೆ ಎಷ್ಟೋ ಜಗಳಗಳು ಅಲ್ಲಿಗೇ ನಿಲ್ಲುತ್ತವೆ.

ಇದಲ್ಲದೆ ೧೯೬೦ರ ಸಂಘಗಳ ನೋಂದಣಿ ಶಾಸನದ ಕೆಳಗೆ ನೋಂದಾಯಿಸಿಕೊಂಡ ಸಂಘಗಳು ಅನೇಕವಿವೆ. ೧೯೫೯ರ ಸಹಕಾರ ಸಂಘಗಳ ಶಾಸನದ ದಾರಿ ಹಿಡಿದವೂ ಇವೆ. ಯಾವುದು ಸರಿಯಾದ ದಾರಿಯೆಂಬ ಪ್ರಶ್ನೆ ಉಚ್ಚ ನ್ಯಾಯಾಲಯದವರೆಗೂ ಹೋಗಿದೆ. ಕೇಂದ್ರದ ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಶಾಸನ, ಎಂದರೆ ಜನ ರೇರಾ ಎಂದು ಕರೆಯುವ ಕಾನೂನು, ಕಟ್ಟಡ ಕಟ್ಟಿದವನ ಮೇಲೆ ಕೆಲವು ಹೊಣೆಗಳನ್ನು ಹೊರಿಸಿದೆ. ಸಂಘದ ರಚನೆಗೆ ಅವನು ಅನುವು ಮಾಡಿಕೊಡಬೇಕು. ಸಾಮಾನ್ಯ ಪ್ರದೇಶದ ಹಕ್ಕನ್ನು ಸಂಘಕ್ಕೆ ಬರೆದುಕೊಡಬೇಕು. ಮನೆ ವಶಕ್ಕೆ ಬಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದಲ್ಲಾಗಲಿ ಕಂಡುಬಂದ ದೋಷವನ್ನು, ತಿಳಿಸಿದ ಮೂವತ್ತು ದಿನಗಳಲ್ಲಿ, ತನ್ನ ಖರ್ಚಿನಿಂದಲೇ ಸರಿಪಡಿಸಿಕೊಡಬೇಕು. ಈ ಐದು ವರ್ಷಗಳ ಗಡುವು ತಿಳಿಯದೆ ಆರನೆಯ ವರ್ಷ ಗೋಡೆಯ ಸೋರಿಕೆಗೆ ತಮ್ಮ ಕೈಯಿಂದಲೇ ತೆತ್ತ ಸಂಘಗಳಿರಬಹುದು. ಸಲಹೆಗಾರನಿದ್ದಿದ್ದರೆ ನಾಲ್ಕನೆಯ ವರ್ಷದ ಕೊನೆಯಲ್ಲಿಯೇ ಕಟ್ಟಡವನ್ನೆಲ್ಲ ತಜ್ಞರಿಂದ ಪರೀಕ್ಷಿಸಿ, ದೋಷಗಳ ಪಟ್ಟಿಯನ್ನು ಬರಹದಲ್ಲಿ ಕಳುಹಿಸುತ್ತಿದ್ದನು.

ಇನ್ನು ಲಿಫ್ಟಿಗೆ ಪರವಾನಗಿ, ಕೊಳಚೆ ನೀರಿನ ಶುದ್ಧೀಕರಣಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಅಗ್ನಿಶಾಮಕದ ಏರ್ಪಾಡು, ತೆರಿಗೆಗಳು ಇವೇ ಮೊದಲಾದುವಿವೆ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆ ಬಾವಿಗಳು ಬತ್ತಿದಾಗ, ದಿನಕ್ಕೆ ಎಷ್ಟು ನೀರು ಬೇಕು, ಎಲ್ಲಿ ಪೋಲಾಗುತ್ತಿದೆ ಎಂಬ ಲೆಕ್ಕವನ್ನಿಟ್ಟ ಸಂಘಕ್ಕೂ ಇಡದ ಸಂಘಕ್ಕೂ ಇದ್ದ ಅಂತರ ಟ್ಯಾಂಕರಿನ ಬಿಲ್ಲಿನಲ್ಲಿ ಕಾಣುವಂತಾಯಿತು.

ಮುಖ್ಯವಾದ ಲೆಕ್ಕ

ಈಗ ಮೊದಲು ಹೇಳಿದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ನಿಜವಾದ ಬೆಲೆಯನ್ನು ಆಯಾ ಕಟ್ಟಡದಲ್ಲಿಯೇ ವಿಚಾರಿಸಿ ತಿಳಿಯಬೇಕು.

ಅರುವತ್ತು ಮನೆಗಳ ಒಂದು ಕಟ್ಟಡವಿದೆಯೆಂದುಕೊಳ್ಳಿ. ಅದರ ಲಿಫ್ಟುಗಳು ೨೦ ವರ್ಷ ಬಾಳುತ್ತವೆ, ಹೊಸದಕ್ಕೆ ೪೦ ಲಕ್ಷ ಬೇಕು. ಎಂದರೆ ವರ್ಷಕ್ಕೆ ೨ ಲಕ್ಷ. ಹೊರಗೋಡೆಗೆ ೬ ವರ್ಷಕ್ಕೊಮ್ಮೆ ಬಣ್ಣ, ೧೮ ಲಕ್ಷ. ವರ್ಷಕ್ಕೆ ೩ ಲಕ್ಷ. ಜನರೇಟರು ೧೫ ವರ್ಷ, ೧೫ ಲಕ್ಷ. ವರ್ಷಕ್ಕೆ ೧ ಲಕ್ಷ. ಪಂಪುಗಳು ಮತ್ತು ಕೊಳಚೆ ಶುದ್ಧೀಕರಣದ ಯಂತ್ರಗಳು ೧೦ ವರ್ಷ, ೨೦ ಲಕ್ಷ. ವರ್ಷಕ್ಕೆ ೨ ಲಕ್ಷ. ತಾರಸಿ ಸೋರದಂತೆ ಮಾಡುವ ಕೆಲಸ ೧೦ ವರ್ಷಕ್ಕೊಮ್ಮೆ, ೧೦ ಲಕ್ಷ. ವರ್ಷಕ್ಕೆ ೧ ಲಕ್ಷ. ಒಟ್ಟು ವರ್ಷಕ್ಕೆ ೯ ಲಕ್ಷ. ಮನೆಯೊಂದಕ್ಕೆ ವರ್ಷಕ್ಕೆ ೧೫,೦೦೦, ತಿಂಗಳಿಗೆ ೧,೨೫೦ ರೂಪಾಯಿ. ವಾಚ್‌ಮನ್ನನ ಸಂಬಳ, ವಿದ್ಯುತ್ತಿನ ಬಿಲ್ಲು ಮೊದಲಾದ ದಿನದ ಖರ್ಚು ಬೇರೆ, ಇದು ಬೇರೆ.

ಈ ಕಟ್ಟಡಕ್ಕೆ ಈಗ ಹನ್ನೆರಡು ವರ್ಷವಾಗಿದೆ. ಆರನೆಯ ವರ್ಷ ಒಮ್ಮೆ ಬಣ್ಣವಾಗಿದೆ. ಹತ್ತನೆಯ ವರ್ಷ ಪಂಪು ಮತ್ತು ತಾರಸಿಯ ಕೆಲಸವಾಗಿದೆ. ಹಾಗಾದರೆ ಇಂದು ನಿಧಿಯಲ್ಲಿ ಎಷ್ಟಿರಬೇಕು? ಲಿಫ್ಟಿನ ಬಾಬಿಗೆ ಹನ್ನೆರಡು ವರ್ಷದ ೨೪ ಲಕ್ಷ, ಜನರೇಟರಿಗೆ ೧೨ ಲಕ್ಷ, ಎರಡನೆಯ ಬಣ್ಣಕ್ಕೆ ಪೂರ್ತಿ ೧೮ ಲಕ್ಷ, ಪಂಪಿಗೆ ಎರಡು ವರ್ಷದ ೪ ಲಕ್ಷ, ತಾರಸಿಗೆ ೨ ಲಕ್ಷ; ಒಟ್ಟು ೬೦ ಲಕ್ಷ. ಬ್ಯಾಂಕಿನಲ್ಲಿ ಇರುವುದು ೧೫ ಲಕ್ಷವಾದರೆ, ಇರಬೇಕಾದುದರಲ್ಲಿ ಕಾಲು ಭಾಗ ಮಾತ್ರ ಇದೆ. ಮನೆಯೊಂದಕ್ಕೆ ೭೫,೦೦೦ ರೂಪಾಯಿಗಳ ಅದೃಶ್ಯ ಸಾಲವಿದೆ. ಸಾಲಗಾರನಿಗೆ ಅದು ತಿಳಿದಿಲ್ಲ, ಅಷ್ಟೆ! ಬೆಲೆಗಳ ಏರಿಕೆಯನ್ನು ಸೇರಿಸಿದರೆ ಮೊತ್ತ ಇನ್ನೂ ಬೆಳೆಯುತ್ತದೆ. ಠೇವಣಿಯ ಬಡ್ಡಿ ಅದರಲ್ಲಿ ಸ್ವಲ್ಪವನ್ನು ತುಂಬಿಕೊಡುತ್ತದೆ.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಅಡಗಿದೆ. ಮೊದಲ ಹನ್ನೆರಡು ವರ್ಷ ಲಿಫ್ಟನ್ನು ಸವೆಸಿದವನು ಮನೆ ಮಾರಿ ಹೋದರೆ, ಅವನು ಕೂಡಿಡದ ಹಣವನ್ನು ನಿನ್ನೆ ಕೊಂಡವನು ತೆರುತ್ತಾನೆ. ಸವೆಸಿದವನೇ ಸವೆತದ ಬೆಲೆ ಕೊಡಬೇಕೆಂಬುದು ಈ ನಿಧಿಯ ಧರ್ಮ. ನಿವೃತ್ತ ಉಪಾಧ್ಯಾಯಿನಿಯವರಂಥವರಿಗೆ ತಿಂಗಳಿಗೆ ಕೆಲವು ನೂರು ಕೊಡುವುದು ಸಾಧ್ಯ. ಒಂದೇ ಏಟಿಗೆ ಎಪ್ಪತ್ತು ಸಾವಿರ ಅಸಾಧ್ಯ.

ವೃತ್ತಿಯನ್ನು ಆರಂಭಿಸುವ ಬಗೆ

ಇದು ಇಂಜಿನಿಯರಿಗೂ ವಕೀಲರಿಗೂ ಸೇರಿದ ಕೆಲಸ, ಬಿ. ಎ. ಓದಿದ ನಮಗೇನು ಎಂದು ಹಿಂಜರಿಯಬೇಕಾದುದಿಲ್ಲ. ಮೇಲಿನ ಲೆಕ್ಕದಲ್ಲಿ ಕೂಡುವುದು, ಭಾಗಿಸುವುದು ಬಿಟ್ಟು ಬೇರೆ ಗಣಿತವಿಲ್ಲ. ಆಯವ್ಯಯ ನಮಗೆ ಅರ್ಥಶಾಸ್ತ್ರದಲ್ಲಿ ಪರಿಚಿತ. ಸಭೆ, ಕೋರಂ, ನಿರ್ಣಯ, ಬಹುಮತ ಇವು ರಾಜ್ಯಶಾಸ್ತ್ರದಲ್ಲಿ ಪರಿಚಿತ. ಕಷ್ಟದ ವಿಷಯವನ್ನು ಸುಲಭವಾದ ಕನ್ನಡದಲ್ಲಿ ಬರೆಯುವುದು ನಮ್ಮ ಭಾಷಾ ತರಗತಿಯ ಅಭ್ಯಾಸ. ಆದರೆ ಎಲ್ಲೆಯನ್ನು ಅರಿತಿರಬೇಕು. ಕಂಬ ಗಟ್ಟಿಯಾಗಿದೆಯೆಂದು ಹೇಳತಕ್ಕವನು ಇಂಜಿನಿಯರು; ಲೆಕ್ಕವನ್ನು ಪರಿಶೋಧಿಸಿ ಸಹಿ ಹಾಕತಕ್ಕವನು ಆಡಿಟರು; ನ್ಯಾಯಾಲಯದಲ್ಲಿ ವಾದಿಸತಕ್ಕವನು ವಕೀಲ. ಯಾರನ್ನು ಯಾವಾಗ ಕರೆಯಬೇಕು, ಅವರನ್ನು ಏನು ಕೇಳಬೇಕು, ಅವರು ಹೇಳಿದ್ದನ್ನು ಸದಸ್ಯರಿಗೆ ಹೇಗೆ ತಿಳಿಸಬೇಕು ಎಂಬುದು ಸಲಹೆಗಾರನ ಕೆಲಸ.

ಮೊದಲು ಎರಡು ವರ್ಷವಾದರೂ ಒಂದು ದೊಡ್ಡ ಸಮುಚ್ಚಯದ ಕಚೇರಿಯಲ್ಲಿಯೋ ಆಡಿಟರೊಬ್ಬರ ಬಳಿಯಲ್ಲಿಯೋ ದುಡಿದು ಕೆಲಸ ಕಲಿಯುವುದು ಮೇಲು. ಪಂಪಿನ ಕೋಣೆಗೆ ಇಳಿದು ನೋಡದವನು, ಪ್ಲಂಬರಿನೊಡನೆ ಮಾತನಾಡದವನು ಕಾಗದದ ಮೇಲೆ ಕೊಡುವ ಸಲಹೆಗೆ ಬೆಲೆಯಿಲ್ಲ. ಅನಂತರ ಒಬ್ಬನೇ ಆದರೂ ಆರಂಭಿಸಬಹುದು. ಇಂಜಿನಿಯರಿಂಗ್ ಮತ್ತು ವಾಣಿಜ್ಯ ಓದಿದ ಇಬ್ಬರು ಗೆಳೆಯರು ಕೂಡಿದರೆ ಪಾಲುದಾರಿಕೆಯೂ ಆಗಬಹುದು. ಬಂಡವಾಳ ಅಲ್ಪ: ಒಂದು ಮೇಜು, ಒಂದು ಕಂಪ್ಯೂಟರು, ಕಾನೂನುಗಳ ಪುಸ್ತಕಗಳು, ಓಡಾಟದ ಖರ್ಚು. ಆದರೆ ಮೊದಲ ವರ್ಷ ಆದಾಯ ಬರದೆಯೂ ಬದುಕುವಷ್ಟು ಹಣ ಕೈಯಲ್ಲಿರಬೇಕು. ಸಂಘಗಳು ವರ್ಷಕ್ಕೊಮ್ಮೆ ಸಭೆ ಸೇರುವಂಥವು. ಅವುಗಳ ನಿರ್ಧಾರ ನಿಧಾನ.

ದೊಡ್ಡ ಸಮುಚ್ಚಯಗಳಿಗೆ ವ್ಯವಸ್ಥಾಪಕರಿರುತ್ತಾರೆ. ಹನ್ನೆರಡರಿಂದ ಐವತ್ತು ಮನೆಗಳಿರುವ ಹಳೆಯ ಕಟ್ಟಡಗಳಿಗೆ ಯಾರೂ ಇಲ್ಲ; ಹೊಸಬನು ಹೋಗಬೇಕಾದುದು ಅಲ್ಲಿಗೆ. ಮೊದಲ ಕೆಲಸವಾಗಿ ದಾಖಲೆಗಳ ಪರಿಶೀಲನೆಯನ್ನು ಕೈಗೊಳ್ಳಬಹುದು: ಮಂಜೂರಾದ ನಕ್ಷೆ, ವಾಸಯೋಗ್ಯ ಪತ್ರ, ಘೋಷಣಾ ಪತ್ರ, ಬೈಲಾ, ಲಿಫ್ಟಿನ ಪರವಾನಗಿ, ಸಭೆಗಳ ನಡವಳಿ, ಗುತ್ತಿಗೆಯ ಕರಾರುಗಳು. ಯಾವುದು ಇದೆ, ಯಾವುದು ಇಲ್ಲ, ಯಾವುದರ ಅವಧಿ ಮುಗಿದಿದೆ ಎಂದು ಎರಡು ಪುಟದ ವರದಿ ಕೊಟ್ಟರೆ, ಸಂಘಕ್ಕೆ ತನ್ನ ಸ್ಥಿತಿ ತನಗೇ ತಿಳಿಯುತ್ತದೆ. ಎರಡನೆಯದು ಕಾದಿಟ್ಟ ನಿಧಿಯ ಲೆಕ್ಕ. ಮೂರನೆಯದು ಸಭೆಗಳಿಗೆ ಸಹಾಯ: ತಿಳುವಳಿಕೆ ಪತ್ರ, ಕಾರ್ಯಕ್ರಮ ಪಟ್ಟಿ, ನಡವಳಿಯ ಬರವಣಿಗೆ. ಪ್ರತಿಯೊಂದಕ್ಕೂ ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಎಷ್ಟು ದಿನ, ಎಷ್ಟು ಶುಲ್ಕ ಎಂಬುದನ್ನು ಮೊದಲೇ ಬರಹದಲ್ಲಿ ಕೊಡಬೇಕು.

ಪಾಲಿಸಬೇಕಾದ ನಿಯಮಗಳು

ಮೊದಲನೆಯದಾಗಿ, ಶುಲ್ಕವನ್ನು ಸಂಘದಿಂದ ಮಾತ್ರ ಪಡೆಯಬೇಕು. ಬಣ್ಣದ ಗುತ್ತಿಗೆದಾರನಿಂದಾಗಲಿ ಲಿಫ್ಟಿನ ಕಂಪೆನಿಯಿಂದಾಗಲಿ ಒಂದು ರೂಪಾಯಿ ಕಮಿಷನ್ ತೆಗೆದುಕೊಂಡರೂ ಅಂದಿಗೆ ಸಲಹೆಗಾರನು ಸತ್ತು ಏಜೆಂಟು ಹುಟ್ಟುತ್ತಾನೆ. ಕಟ್ಟಿದವನಿಗೂ ಸಂಘಕ್ಕೂ ಒಟ್ಟಿಗೆ ಸಲಹೆ ಕೊಡುವುದೂ ಅಷ್ಟೇ ತಪ್ಪು.

ಎರಡನೆಯದಾಗಿ, ಸಲಹೆಗಾರನ ಧಣಿ ಅಧ್ಯಕ್ಷರಲ್ಲ, ಸಂಘ. ಅಧ್ಯಕ್ಷರಿಗೆ ಹಿತವಾಗಲೆಂದು ಸತ್ಯವನ್ನು ಮರೆಮಾಡಬಾರದು. ವಂತಿಗೆ ಹೆಚ್ಚಿಸಬೇಕೆಂಬ ವರದಿ ಯಾರಿಗೂ ಪ್ರಿಯವಲ್ಲ. ಚುನಾವಣೆಯ ವರ್ಷ ಅದನ್ನು ಓದಲು ಸಮಿತಿ ಹೆದರುತ್ತದೆ. ಆದರೂ ಸಂಖ್ಯೆಯನ್ನು ತಿದ್ದಿ ಚಿಕ್ಕದು ಮಾಡುವುದಕ್ಕಿಂತ ಆ ಕೆಲಸವನ್ನು ಬಿಟ್ಟುಬಿಡುವುದು ಲೇಸು.

ಮೂರನೆಯದಾಗಿ, ಒಂದು ಮನೆಯ ಬಾಕಿಯನ್ನು, ಜಗಳವನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಕಷ್ಟದಲ್ಲಿರುವವರ ವಿಷಯದಲ್ಲಿ ಕಂತಿನ ದಾರಿಯನ್ನು ಸಮಿತಿಗೆ ಸೂಚಿಸುವುದೂ ಸಲಹೆಯ ಒಂದು ಭಾಗವೇ.

ನಮ್ಮ ಪದವೀಧರರಲ್ಲಿ ಬಹುಮಂದಿ ಪರೀಕ್ಷೆಯ ಫಲಿತಾಂಶ ಬಂದೊಡನೆ ಸರ್ಕಾರಿ ನೌಕರಿಯ ಪ್ರಕಟಣೆಯನ್ನು ಕಾಯುತ್ತ ಕುಳಿತುಬಿಡುವುದುಂಟು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬೆಂಗಳೂರಲ್ಲದೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿಯೂ ಬಹುಮಹಡಿ ಮನೆಗಳು ಏಳುತ್ತಿರುವಾಗ, ಅವುಗಳ ಮುಪ್ಪಿನ ಚಿಂತೆ ಮಾಡುವವರೂ ಬೇಕಾಗುತ್ತಾರೆಂಬುದನ್ನು ಮಾತ್ರ ನೆನಪಿಸುತ್ತೇನೆ.

ರಜೆ ಮುಗಿಯುವ ಮುನ್ನ ನಾನೂ ಮಾವನವರೂ ಮೂರು ಸಂಜೆ ಕುಳಿತು ಅವರ ಕಟ್ಟಡದ ಪಟ್ಟಿಯನ್ನು ಬರೆದೆವು. ಲಿಫ್ಟಿನ ಹಣವನ್ನು ಕಂತಿನಲ್ಲಿ ಪಡೆಯುವುದೆಂದೂ, ತಿಂಗಳ ವಂತಿಗೆಯಲ್ಲಿ ಒಂದು ಭಾಗವನ್ನು ಇನ್ನು ಮುಂದೆ ಬೇರೆ ಖಾತೆಯಲ್ಲಿಡುವುದೆಂದೂ ಮುಂದಿನ ಸಭೆಯಲ್ಲಿ ನಿರ್ಣಯವಾಯಿತಂತೆ. "ಆ ಟೀಚರು ಪಟ್ಟಿಯ ಒಂದು ಪ್ರತಿಯನ್ನು ಕೇಳಿ ತೆಗೆದುಕೊಂಡರು ಕಣಪ್ಪಾ, ಬಣ್ಣದ ಲೆಕ್ಕದಲ್ಲಿ ಒಂದು ತಪ್ಪನ್ನೂ ಹಿಡಿದರು" ಎಂದು ಮಾವನವರು ಫೋನಿನಲ್ಲಿ ತಿಳಿಸಿದರು. ತಪ್ಪು ನನ್ನದೇ, ತಿದ್ದಿ ಕಳುಹಿಸಿದ್ದೇನೆ.